ಖಾಲಿ ಹೊತ್ತಿಗೆ ತುಂಬಿಸಿದ ಬಿಸಿಲು

ಸೋಲಾರ್ ಹಾಕಿಸುವವರಿಗೆ ನನ್ನದೊಂದು ಮಾತು. ಮೊಬೈಲಿನಲ್ಲಿ ಕಾಣುವ ತಿಂಗಳ ಮೊತ್ತವನ್ನು ನಂಬಬೇಡಿ. ಅದರಲ್ಲಿ ಅಳೆದದ್ದೆಷ್ಟು, ಊಹಿಸಿದ್ದೆಷ್ಟು ಎಂದು ಮೊದಲು ಕೇಳಿ.

ಭಾವಿಕೇರಿಯಲ್ಲಿ ಮನೆಗೆ ತಾಗಿಯೇ ನನ್ನ ಹಿಟ್ಟಿನ ಗಿರಣಿ ಇದೆ. ಅಂಕೋಲೆ ಸಂತೆಯಲ್ಲಿ ತೆಂಗಿನಕಾಯಿ ಮಾರಿ ಕಟ್ಟಿದ್ದು. ಯಾರ ಉಪಕಾರವೂ ಅದರಲ್ಲಿಲ್ಲ. ಮಾಡಿನ ಮೇಲಿನ ಸೋಲಾರ್ ಫಲಕಗಳಲ್ಲಿ ಪಡುವಣ ಸಾಲು ಸೊರಗಿತ್ತು. ಒಳ್ಳೆಯ ಬಿಸಿಲಿನಲ್ಲೂ ಗಿರಣಿ ಹೊರಗಿನ ಕರೆಂಟು ಎಳೆಯುತ್ತಿತ್ತು. ಮಳೆಗಾಲ ಹಿಡಿಯುವುದರೊಳಗೆ ಗ್ಯಾರಂಟಿ ಮುಗಿಯುತ್ತಿತ್ತು. ಅಷ್ಟರೊಳಗೆ ಆ ಸಾಲನ್ನು ಕಂಪನಿಯವರಿಂದ ಬದಲಿ ಮಾಡಿಸಿಕೊಳ್ಳಬೇಕಿತ್ತು.

ಅವರ ಕಾರವಾರದ ಕಚೇರಿಗೆ ಹೋದೆ. ಇಂಜಿನಿಯರ್ ಕೂತುಕೊಳ್ಳಿ ಅನ್ನಲೂ ಇಲ್ಲ. ಕಂಪ್ಯೂಟರನ್ನು ನನ್ನತ್ತ ತಿರುಗಿಸಿದ.

"ನೋಡಿ, ತಿಂಗಳ ಉತ್ಪಾದನೆ ನಾವು ಹೇಳಿದಷ್ಟೇ ಬಂದಿದೆ. ಫಲಕ ಸರಿ ಇದೆ."

ಪರದೆಯ ಮೇಲೆ ಎಷ್ಟೋ ಮಧ್ಯಾಹ್ನಗಳು ಬೇರೆ ಬಣ್ಣದಲ್ಲಿದ್ದವು.

"ಇದೆಂತಾ ತಮಾ, ಹಳದಿ?"

"ಆ ಹೊತ್ತಿನ ಡೇಟಾ ಬಂದಿಲ್ಲ. ಉಳಿದ ದಿನಗಳ ಸರಾಸರಿ ಹಾಕಿ ಸಾಫ್ಟ್‌ವೇರು ತುಂಬ್ಸ್ತದೆ. ನಿಮ್ಮಲ್ಲೇ ಯಾರೋ ವೈಫೈ ಬಂದ್ ಮಾಡ್ತಾರೆ. ಅದಕ್ಕೆ ನಾವೇನು ಮಾಡೂದು?"

ಅಲ್ಲೇ ನಿಂತು ಹೆಂಡತಿಗೆ ಫೋನು ಹಚ್ಚಿದೆ. ಅವನಿಗೂ ಕೇಳುವಷ್ಟು ಜೋರಾಗಿ ರೇಗಿದಳು.

"ಗುಡುಗು ಬಂದ್ರೆ ಪ್ಲಗ್ಗು ತೆಗೀದೆ ಮತ್ತೆಂತಾ ಮಾಡೂದು? ಟೀವಿ, ಫ್ರಿಜ್ಜು, ಆ ವೈಫೈ ಡಬ್ಬಿ, ಎಲ್ಲಾ ತೆಗೀತೆ. ಸುಟ್ಟೋದ್ರೆ ಆ ಕಂಪನಿಯವ್ರು ಕೊಡ್ತಾರೋ?"

ಅವನು ನಕ್ಕ. "ಕೇಳಿದ್ರಲ್ಲ, ಮನೆಯವ್ರೇ ಒಪ್ಪಿದ್ರು."

"ನಗ್ಬೇಡ. ಗುಡುಗುವಾಗ ಆಕಾಶ ಕಪ್ಪಿರ್ತದೆ. ಆ ಹೊತ್ತಿನದ್ದೇ ನಿಮಗೆ ಸಿಕ್ಕಿಲ್ಲ. ಸಿಕ್ಕಿದ್ದೆಲ್ಲ ಬಿಸಿಲಿನ ಹೊತ್ತು. ಅದರ ಸರಾಸರಿ ತಂದು ಮೋಡದ ಹೊತ್ತಿಗೆ ತುಂಬ್ಸಿದ್ರೆ ಮೊತ್ತ ಕಡಿಮೆ ಬರೂದಾದ್ರೂ ಹೆಂಗೆ?"

"ಸಾಫ್ಟ್‌ವೇರು ಮೇಲಿನವ್ರದ್ದು. ನನ್ನ ಕೈಯಲ್ಲಿಲ್ಲ."

ಹಾಗೆ ಹೇಳುವವನ ಹತ್ತಿರ ಮೇಲಿನವರ ವಿಷಯ ಎತ್ತಲೇಬಾರದು. ಅವನ ಕೈಯಲ್ಲಿ ಇರುವುದನ್ನೇ ಕೇಳಬೇಕು.

"ಮೀಟರ್ ಇದೆಯಲ್ಲ, ಗಾಡಿ ಇದೆಯಲ್ಲ? ಬಾ, ಬಿಸಿಲಿರುವಾಗ್ಲೇ ಒಂದೊಂದು ಸಾಲು ಬೇರೆ ಬೇರೆ ಅಳೆ. ಸರಿ ಇದ್ರೆ ಇನ್ನು ನಿನ್ನ ಮುಖ ನೋಡೂದಿಲ್ಲ."

ಆ ಕೊನೆಯ ಮಾತು ಅವನಿಗೆ ಹಿಡಿಸಿರಬೇಕು. ಹೊರಟ. ಅವನ ಗಾಡಿಯಲ್ಲೇ ಭಾವಿಕೇರಿಗೆ ಬಂದೆವು.

ನನ್ನ ಏಣಿ ಇಟ್ಟುಕೊಟ್ಟೆ. ಅವನು ಮಾಡು ಹತ್ತಿ ಅಳೆದಾಗ ಪಡುವಣ ಸಾಲು ಉಳಿದವುಗಳ ಅರ್ಧದಷ್ಟೂ ಕೊಡುತ್ತಿರಲಿಲ್ಲ.

"ಮೇಲಿನವ್ರಿಗೆ ತಿಳಿಸ್ತೇನೆ," ಎಂದ.

"ಅಲ್ಲಿಂದ್ಲೇ ತಿಳ್ಸು. ಮೀಟರಿನ ಫೋಟೋ ಕಳ್ಸು, ಆಮೇಲೆ ಇಳಿ," ಎಂದು ನಾನು ಏಣಿಯನ್ನು ಗೋಡೆಯಿಂದ ಸರಿಸಿ ಹಿಡಿದುಕೊಂಡೆ.

ಬೈಯುತ್ತಲೇ ಕಳಿಸಿದ. ಮಳೆ ಶುರುವಾಗುವ ಮೊದಲೇ ಹೊಸ ಫಲಕಗಳು ಬಂದವು. ಜೋಡಿಸಲು ಬಂದವನು ಬೇರೆಯವನು. ಏಣಿ ಅವನೇ ತಂದಿದ್ದ.