ಮಾವನ ಕೈಗೆ ಬಾರದ ಕೆಟ್ಟ ಐಸು

ನಮ್ಮ ಸೋದರಮಾವನಿಗೆ ಊರೆಲ್ಲ ಇಟ್ಟಿರುವ ಹೆಸರು ಐಸ್ ಮಾವ. ಐಸ್ ಹಾಕಿ ಆಟದ ಕ್ರೀಡಾಂಗಣದಲ್ಲಿ ಮಂಜುಗಡ್ಡೆಯ ಅಂಗಳವನ್ನು ನುಣುಪು ಮಾಡುವ ಬಂಡಿ ಓಡಿಸುವುದು ಅವನ ಕೆಲಸ. ಬಂಡಿಯ ಅಲಗು ಗೀರುಬಿದ್ದ ಮೇಲ್ಪದರವನ್ನು ಹೆರೆಯುತ್ತದೆ. ಹಿಂದಿನಿಂದ ಬಿಸಿನೀರು ತೆಳ್ಳಗೆ ಹರಡಿ, ಉಳಿದ ಗೀರುಗಳನ್ನು ಕರಗಿಸಿ, ಗಾಜಿನಂತೆ ಗಟ್ಟಿಯಾಗುತ್ತದೆ. ಬಿಸಿನೀರೇ ಏಕೆ ಎಂದು ಕೇಳಿದವರಿಗೆ ಮಾವ ಉದ್ದುದ್ದ ಪಾಠ ಹೇಳುತ್ತಾನೆ. ಅದಕ್ಕೇ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವನು ಹಾಕಿ ತಂಡ ಕೊಂಡವನಲ್ಲ. ಕೊಂಡಿದ್ದರೆ ಗಾದೆ ಇನ್ನೂ ಉದ್ದವಾಗುತ್ತಿತ್ತು. ಚಪ್ಪಲಿ ಕಾರ್ಖಾನೆಯಲ್ಲಿ ಗಳಿಸಿದ್ದನ್ನೆಲ್ಲ ತಂಡಕ್ಕೆ ಸುರಿದ ನಮ್ಮೂರ ಸಾಹುಕಾರರನ್ನು ಕೇಳಬೇಕು. ಆಟಗಾರರ ಸಂಬಳ ವರ್ಷವರ್ಷವೂ ಏರುತ್ತಿತ್ತು, ಸಾಹುಕಾರರ ಕೈಗೆ ಬರುತ್ತಿದ್ದದ್ದು ಟಿಕೆಟ್ ಹಣ ಮಾತ್ರ. ಕಟ್ಟಡ ನಗರಸಭೆಯದು, ಆದ್ದರಿಂದ ತಿಂಡಿ ಅಂಗಡಿಗಳ ಬಾಡಿಗೆ, ಪಾರ್ಕಿಂಗ್ ಶುಲ್ಕ, ಗೋಡೆಯ ಜಾಹೀರಾತು ಎಲ್ಲವೂ ನಗರಸಭೆಗೆ. ಜನ ಸೇರಿಸುವವರು ಒಬ್ಬರು, ಗಲ್ಲಾ ತುಂಬಿಕೊಳ್ಳುವವರು ಇನ್ನೊಬ್ಬರು. ಆದಾಯವೆಲ್ಲ ತಮಗೇ ಬರುವಂಥ ಹೊಸ ಕ್ರೀಡಾಂಗಣ ಕಟ್ಟಿಕೊಡಿ, ಇಲ್ಲವಾದರೆ ತಂಡವನ್ನು ಬೇರೆ ಊರಿಗೆ ಒಯ್ಯುತ್ತೇನೆ ಎಂದು ಸಾಹುಕಾರರು ಪಟ್ಟು ಹಿಡಿದರು.

ತಂಡ ಹೋದರೆ ಐಸ್ ಹಾಸಿಸುವವರೂ ಇಲ್ಲ, ಮಾವನಿಗೆ ಸಂಬಳ ಕೊಡುವವರೂ ಇಲ್ಲ. ಐಸಿಲ್ಲದ ಊರಿನಲ್ಲಿ ಮಾವ ಏನು ಮಾಡಬೇಕು?

ತೀರ್ಮಾನಕ್ಕೆ ಮುಂಚೆ ಒಂದು ಪಂದ್ಯ ನೋಡಲು ನಗರಸಭೆಯ ಅಧ್ಯಕ್ಷೆ ಬರುವವರಿದ್ದರು. ಸಾಹುಕಾರರು ಮಾವನನ್ನು ಪಕ್ಕಕ್ಕೆ ಕರೆದರು.

"ಅವತ್ತು ತಣ್ಣೀರು ತುಂಬು, ಮೊಂಡು ಅಲಗು ಹಾಕು. ಈ ಹಳೇ ಕಟ್ಟಡದಲ್ಲಿ ಆಟ ಆಗಲ್ಲ ಅಂತ ಅವರ ಕಣ್ಣಿಗೇ ಕಾಣಲಿ. ಹೊಸದು ಬಂದ್ರೆ ನಿನ್ನ ಕೆಲಸಾನೂ ಉಳಿಯುತ್ತೆ."

ಮಾವನಿಗೆ ಅತ್ತ ದರಿ ಇತ್ತ ಪುಲಿ. ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ. ಅತ್ತೆಗೆ ಇಂಥ ಸಂಕಟ ಅರ್ಥವಾಗುವುದಿಲ್ಲ.

"ಒಂದು ದಿನ ಕೆಟ್ರೆ ಏನು ಗಂಟು ಹೋಗುತ್ತೆ? ನನ್ನ ಅಡುಗೆ ವಾರಕ್ಕೊಂದು ಸಲ ಕೆಡುತ್ತೆ, ನೀವು ತಿಂತಿಲ್ವಾ?"

ಮಾವ ತಲೆಯಾಡಿಸಿದ. ಕೆಡಿಸುತ್ತೇನೆ ಎಂದು ಸಾಹುಕಾರರಿಗೆ ಮಾತೂ ಕೊಟ್ಟ.

ಪಂದ್ಯದ ದಿನ ಅತ್ತೆ, ನಾನು ಮೇಲಿನ ಸಾಲಿನಲ್ಲಿ ಕೂತಿದ್ದೆವು. ಮಾವನ ಬಂಡಿ ಬಾಗಿಲವರೆಗೆ ಬಂತು, ನಿಂತಿತು, ಹಾಗೇ ಹಿಂದಕ್ಕೆ ಹೋಯಿತು. ಆಟಗಾರರು ಕೋಲು ಕುಟ್ಟುತ್ತ ಕಾದರು, ಜನ ಸಿಳ್ಳೆ ಹಾಕಿದರು. ಕೊನೆಗೆ ಬಂಡಿ ಹೊರಬಂದಾಗ ಅದರ ಹಿಂದೆ ಹಬೆ ಏಳುತ್ತಿತ್ತು. ಅತ್ತೆ ಹಣೆ ಚಚ್ಚಿಕೊಂಡರು.

"ಕೆಟ್ಟೆವು ಕಣೇ. ಇವರು ಚೆನ್ನಾಗಿ ಮಾಡ್ತಿದಾರೆ."

ಚೆನ್ನಾಗಿ ಎಂದರೆ ಸಾಮಾನ್ಯವಾಗಿಯೇ? ದೀಪಗಳೆಲ್ಲ ಅಂಗಳದಲ್ಲಿ ತಲೆಕೆಳಗಾಗಿ ಕಾಣುತ್ತಿದ್ದವು. ಚೆಂಡಿನ ಬದಲು ಆಡುವ ಕಪ್ಪು ರಬ್ಬರ್ ಬಿಲ್ಲೆ ಎಣ್ಣೆ ಸವರಿದಂತೆ ಜಾರಿತು. ನಮ್ಮವರು ಗೋಲಿನ ಮೇಲೆ ಗೋಲು ಹೊಡೆದರು. ಅಧ್ಯಕ್ಷೆ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ಸಾಹುಕಾರರ ಮುಖ ಹುಳ್ಳಗಾಯಿತು.

ಆಟ ಮುಗಿದ ಮೇಲೆ ನಾವು ಬಂಡಿ ನಿಲ್ಲಿಸುವ ಶೆಡ್ಡಿಗೆ ಓಡಿದೆವು. ಸಾಹುಕಾರರು ಆಗಲೇ ಅಲ್ಲಿದ್ದರು. ಹೇಳಿದ್ದೇನು, ಮಾಡಿದ್ದೇನು ಎಂದು ಗದರಿದರು.

"ಕೆಡಿಸೋಣ ಅಂತಲೇ ತಣ್ಣೀರು ತುಂಬಿದೆ ಸಾಹುಕಾರ್ರೇ," ಎಂದ ಮಾವ. "ಬಾಗಿಲ ಹತ್ರ ಬಂದು ನಮ್ಮ ಹುಡುಗರ ಮುಖ ನೋಡಿದೆ. ಕೈ ಬರಲಿಲ್ಲ."

ಇನ್ನು ನಾಳೆಯಿಂದ ಬರಬೇಡ ಎನ್ನುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಅಧ್ಯಕ್ಷೆಯೇ ಐಸ್ ಮಾಡಿದವರನ್ನು ಹುಡುಕಿಕೊಂಡು ಒಳಬಂದರು. ಮಾವನ ಕೈ ಕುಲುಕಿ, ಸಾಹುಕಾರರ ಕಡೆ ತಿರುಗಿದರು.

"ಇಂಥ ಐಸ್ ಇರೋ ಕಟ್ಟಡ ಕೆಡವಿ ಹೊಸದು ಕಟ್ಟೋಕೆ ಜನರ ತೆರಿಗೆ ಹಣ ನಾನು ಕೊಡಲ್ಲ. ಅಂಗಡಿ, ಪಾರ್ಕಿಂಗ್ ಆದಾಯ ನಿಮಗೇ ಬಿಟ್ಟುಕೊಡ್ತೀವಿ. ನಮಗೆ ಅದೇ ಅಗ್ಗ. ತಂಡ ಇಲ್ಲೇ ಇರಲಿ."

ಸಾಹುಕಾರರಿಗೆ ಬೇಕಾಗಿದ್ದದ್ದು ಕಟ್ಟಡವಲ್ಲ, ಆದಾಯ. ಅದೇ ಕೈಗೆ ಬಂದಿತ್ತು. ಹುಳ್ಳಗಾಗಿದ್ದ ಮುಖ ನಿಧಾನಕ್ಕೆ ಅರಳಿತು. ಅತ್ತೆಯಂತೂ ಸಂತೋಷಕ್ಕೆ ಅತ್ತೇಬಿಟ್ಟರು.

ಈಗ ಪ್ರತಿ ಪಂದ್ಯಕ್ಕೆ ಮುಂಚೆ ಸಾಹುಕಾರರು ಶೆಡ್ಡಿಗೆ ಬರುತ್ತಾರೆ. ಬಂಡಿಯ ತೊಟ್ಟಿಯ ಮೇಲೆ ಕೈಯಿಟ್ಟು, ಬಿಸಿ ತಾಗಿ ತಟಕ್ಕನೆ ಹಿಂತೆಗೆದು, ಬಿಸಿನೀರೇ ಏಕೆ ಎಂದು ಮಾವನನ್ನು ಕೇಳುತ್ತಾರೆ. ಪೂರ್ತಿ ಪಾಠ ಕೇಳಿಯೇ ಹೋಗುತ್ತಾರೆ.