ಒಳಗೆ ಬಿಟ್ಟ ಎರಡಿಂಚು

ಟೈಲರ್ ಚಾಚಾ ಅವರ ಬಲ ಅಂಗಾಲಿನಲ್ಲಿ ಹೊಲಿಗೆ ಮಿಷನ್ನಿನ ಪೆಡಲ್ಲು ಜಾಲರಿಯಂತೆ ಅಚ್ಚೊತ್ತಿತ್ತು. ಯಾವಾಗಲೂ ಬರಿಗಾಲಲ್ಲೇ ತುಳಿಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ತುರುವೇಕೆರೆಯ ಅವರ ಅಂಗಡಿ ಮೆಟ್ಟಿಲ ಮೇಲೆ ದಬ್ಬೇಘಟ್ಟದ ಬಸ್ಸಿಗೆ ಕಾಯುತ್ತ ಕೂತರೆ, ಆ ಟಕಟಕ ಸದ್ದಿಗೇ ನನಗೆ ಜೊಂಪು ಹತ್ತುತ್ತಿತ್ತು. ಎಷ್ಟೋ ಬಸ್ಸು ಹಾಗೇ ತಪ್ಪಿಹೋದವು. ಅಲ್ಲಿ ಬಿಸಿಲಲ್ಲಿ ತೇಲುತ್ತಿದ್ದ ನೂಲಿನ ಎಳೆಗಳು ಇವತ್ತಿಗೂ ಕನಸಿಗೆ ಬರುತ್ತವೆ.

ನನ್ನ ಯೂನಿಫಾರಂ ಲಂಗದ ಕೆಳಮಡಿಕೆಯಲ್ಲಿ ಎರಡಿಂಚು ಬಟ್ಟೆ ಹೆಚ್ಚಿಗೆ ಬಿಡುವುದು ಅವರ ಪದ್ಧತಿ. ಪ್ರತಿ ಜೂನ್‌ನಲ್ಲಿ ಸ್ವಲ್ಪ ಬಿಚ್ಚಿ ಉದ್ದ ಮಾಡಿಕೊಟ್ಟು, "ಒಳಗೆ ಇನ್ನೂ ಐತೆ ಕಣಮ್ಮ, ನೀನು ಬೆಳೀತಾ ಹೋಗು" ಅನ್ನುತ್ತಿದ್ದರು.

ನಾನು ಬೆಳೆದು ಪ್ರಯೋಗಾಲಯ ಸೇರಿದೆ. ಚರ್ಮದೊಳಗೆ ಅಡಗಿರುವ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಮೂಳೆಯಾಗಿ ಬೆಳೆಸುವುದು ನಮ್ಮ ಕೆಲಸ. ಅದೇ ಹೊತ್ತಿಗೆ ಚಾಚಾ ಬೈಕಿಗೆ ಸಿಕ್ಕಿ ಬಲಗಾಲು ಮುರಿದುಕೊಂಡರು. ಎರಡು ಆಪರೇಷನ್ ಆದರೂ ಮೂಳೆ ಕೂಡಲಿಲ್ಲ. ಅಂಗಾಲಿನ ಜಾಲರಿ ಮಾಸತೊಡಗಿತು.

"ಇನ್ನೊಂದ್ಸಲ ಮಿಷನ್ ತುಳುದ್ರೆ ಸಾಕಮ್ಮ," ಎಂದರು.

ಸಂಶೋಧನೆಗೆ ಒಂದಿಷ್ಟು ಚರ್ಮ ಕೊಡುತ್ತೀರಾ ಎಂದು ಕೇಳಿದೆ. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ಅವರ ಮುಖ ನೋಡಲಾರದೆ, "ಕೂಡುತ್ತೆ ಚಾಚಾ, ತುಳೀತೀರಿ" ಅಂದುಬಿಟ್ಟೆ. ಅವರು ತಕ್ಷಣ ಅಂಗಿಯ ತೋಳು ಮಡಿಸಿದರು. ಆ ವಾರವೇ ಡಾಕ್ಟರು ಉದ್ದಿನಬೇಳೆಯಷ್ಟು ಚರ್ಮ ತೆಗೆದುಕೊಟ್ಟರು.

ವರ್ಷ ಕಳೆದು ನಾನು ಅಂಗಡಿಗೆ ಹೋದಾಗ, ಚಾಚಾ ಮಿಷನ್ನಿಗೆ ಎಣ್ಣೆ ಬಿಟ್ಟು ಹೊಸ ಬೆಲ್ಟ್ ಹಾಕಿಸಿ ಕಾದಿದ್ದರು.

"ಆ ಮೂಳೆ ಕೆಲ್ಸ ಇನ್ನೂ ಗಾಜಿನ ತಟ್ಟೇಲೇ ಐತೆ ಚಾಚಾ. ಜನರ ಕಾಲಿಗೆ ಬರೋಕೆ ಎಷ್ಟು ವರ್ಷ ಬೇಕೋ. ನಿಮಗೆ ಸಿಗಲ್ಲ. ನಾನು ಸುಳ್ಳು ಹೇಳ್ದೆ."

ಚಾಚಾ ಬಹಳ ಹೊತ್ತು ಮಿಷನ್ನಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಕೂತರು. ಸೂಜಿ ಬರಿದೇ ಏರಿ ಇಳಿಯಿತು.

"ಬುಡು," ಎಂದರು ಕೊನೆಗೆ. "ನಿನ್ನ ಲಂಗದಾಗೆ ಬಟ್ಟೆ ಬಿಟ್ಟಿದ್ದು ನಾನು ಹಾಕ್ಕಳಾಕಾ?"

ತೋಳಿನ ಮೇಲಿನ ಸಣ್ಣ ಕಲೆಯನ್ನು ಸವರಿಕೊಂಡು ನಕ್ಕರು. ನನಗೆ ಅಳು ಬಂತು.

ಹೋದ ಚಳಿಗಾಲ ಅವರು ತೀರಿಕೊಂಡರು. ಅವರ ಮನೆಗೆ ಹೋಗಿ ಬಂದ ವಾರ, ಅವರ ಕೋಶಗಳಿದ್ದ ಒಂದು ತಟ್ಟೆಗೆ, ಸುಣ್ಣದಂಶವನ್ನು ಕೆಂಪಾಗಿ ತೋರಿಸುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅಲ್ಲಲ್ಲಿ ಸುಣ್ಣ ಕಟ್ಟಿ ಕೆಂಪಗೆ ಕಾಣುತ್ತಿತ್ತು. ಮೂಳೆ ಹುಟ್ಟುವಾಗ ಹಾಗೇ ಕಾಣುವುದು.

ಬಣ್ಣ ಹಾಕದ, ಅವರ ಕೋಶಗಳು ಇನ್ನೂ ಜೀವಂತವಿರುವ ಪಕ್ಕದ ತಟ್ಟೆಯನ್ನು ಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯೊಳಗೆ ಇಟ್ಟೆ. ಬಾಗಿಲು ಹಾಕುವ ಮುಂಚೆ, ಯಾರಿಗೂ ಕೇಳಿಸದ ಹಾಗೆ, "ಬೆಳೀತಾ ಹೋಗಿ ಚಾಚಾ" ಎಂದೆ.