ಮಣ್ಣೂರಿನ ಬೆತ್ತದ ಕುರ್ಚಿ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬೀಳುವುದು ಮನುಷ್ಯರ ಮೇಲಲ್ಲ, ಅವರು ಕುಳಿತ ಕುರ್ಚಿಯ ಕಾಲಿನ ಮೇಲೆ. ಇದು ಸಭ್ಯತೆಯಲ್ಲ ಎಂದು ನನಗೂ ಗೊತ್ತು. ಆಳಂದದ ನಮ್ಮ ಮನೆಯಲ್ಲಿ ಹೆಂಡತಿ ಇದಕ್ಕೊಂದು ನಿಯಮವನ್ನೇ ಮಾಡಿದ್ದಾಳೆ: ಹೆಣ್ಣು ನೋಡಲು ಹೋದಾಗ, ಸಾವಿನ ಮನೆಗೆ ಹೋದಾಗ ಕುರ್ಚಿ ತಿರುವಿ ನೋಡುವಂತಿಲ್ಲ. ಉಳಿದ ದಿನಗಳಲ್ಲಿ ನೋಡಬಹುದು, ಅವಳು ಜೊತೆಗಿರದಿದ್ದರೆ.

ಪತ್ರಿಕೆಯ ಸುದ್ದಿಮನೆಯಲ್ಲಿ ಬಹಳ ವರ್ಷ ಕಳೆದವನು ನಾನು. ಹಳೆಯ ಕುರ್ಚಿ ಆರಿಸುವಾಗಲೂ ಅದೇ ಶಿಸ್ತು. ಪಾಲಿಶನ್ನು ನಂಬುವುದಿಲ್ಲ, ಅದು ಪತ್ರಿಕಾ ಹೇಳಿಕೆ ಇದ್ದಂತೆ, ಎಲ್ಲ ಹೊಳೆಯುತ್ತಿರುತ್ತದೆ. ಬುಡ ನೋಡಬೇಕು. ನಿಜವಾಗಿ ಹಳೆಯದಾದ ಕುರ್ಚಿಯ ತೋಳು, ಅಂಗೈ ಊರುವ ಜಾಗದಲ್ಲಿ ಮಾತ್ರ ಸವೆದಿರುತ್ತದೆ. ಹುಳು ತಿಂದ ತೂತು ವಕ್ರವಾಗಿ ಒಳಗೆ ಹೋಗಿರುತ್ತದೆ. ನೆಟ್ಟಗೆ, ಒಂದೇ ಅಳತೆಯಲ್ಲಿದ್ದರೆ ತಿಂದದ್ದು ಹುಳುವಲ್ಲ, ಡ್ರಿಲ್. ಕೊನೆಯ ಪರೀಕ್ಷೆ ಎಂದರೆ ಒಂದು ಕಪ್ ಚಹಾ ಮುಗಿಯುವ ತನಕ ಕುಳಿತು ನೋಡುವುದು. ಈ ಕೊನೆಯ ಪರೀಕ್ಷೆಯೇ ನನ್ನನ್ನು ಮಣ್ಣೂರಿನಲ್ಲಿ ಸಿಕ್ಕಿಸಿದ್ದು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕುಳಿತುಕೊಳ್ಳಲು ಕುರ್ಚಿ ಬೇಕಿರಲಿಲ್ಲ. ಪಡಸಾಲೆಯಲ್ಲಿ ಜಮಖಾನ ಹಾಸುತ್ತಿದ್ದರು, ಹಿರಿಯರ ಬೆನ್ನಿಗೆ ಲೋಡು ಇರುತ್ತಿತ್ತು. ಕುರ್ಚಿ ಬಂದದ್ದು ನಿಜಾಮರ ಕಾಲದ ಕಚೇರಿಗಳಿಂದ, ‘ಕುರ್ಸಿ’ ಎಂಬ ಉರ್ದು ಹೆಸರಿನ ಸಮೇತ. ಹಾಗಾಗಿ ಅದು ಊರಿಗೆ ಬಂದಾಗ ಆರಾಮದ ವಸ್ತುವಾಗಿ ಬರಲಿಲ್ಲ, ಅಧಿಕಾರವಾಗಿ ಬಂತು. ಇದನ್ನು ನಾನೇ ಒಮ್ಮೆ ಲೇಖನವಾಗಿ ಬರೆದಿದ್ದೆ. ಬರೆದದ್ದು ತಲೆಯಲ್ಲಿ ಉಳಿಯಬೇಕೆಂಬ ನಿಯಮವೇನೂ ಇಲ್ಲವಲ್ಲ.

ಮಣ್ಣೂರಿನಲ್ಲಿ ಉದ್ದ ತೋಳಿನ, ಬೆತ್ತದ ಹೆಣಿಕೆಯ ಸಾಗವಾನಿ ಕುರ್ಚಿಯೊಂದು ಮಾರಾಟಕ್ಕಿದೆ ಎಂದು ಅಫಜಲಪುರದ ಬಡಿಗ ಫೋನ್ ಮಾಡಿದ್ದ. ಹೋದೆ. ಮನೆ ಇಬ್ಬರು ಅಣ್ಣತಮ್ಮಂದಿರದು. ದೊಡ್ಡವರು ಬಸಣ್ಣ, ಸಣ್ಣವನು ಶಿವಶರಣ. ಅಂಗಳದ ನಡುವೆ ಹೊಸ ಗೋಡೆ ಎದೆಮಟ್ಟ ಎದ್ದಿತ್ತು. ಹೊಲ, ದನ, ಪಾತ್ರೆ ಎಲ್ಲವೂ ಪಾಲಾಗಿ ಉಳಿದದ್ದು ಅಪ್ಪನ ಕುರ್ಚಿಯೊಂದೇ. ತಮಗೆ ಸಿಗದಿದ್ದರೂ ಸರಿ, ಇನ್ನೊಬ್ಬನಿಗೆ ಸಿಗಬಾರದು ಎಂದು ಹೊರಗಿನವನಿಗೆ ಕೊಡಲು ಹೊರಟಿದ್ದರು. ಅದನ್ನು ಕೊನೆಯ ಸಲ ನೋಡಲೆಂದು ಜೇವರ್ಗಿಯಿಂದ ಇವರಿಬ್ಬರ ನಡುವಿನ ಸೋದರಿ ನೀಲಮ್ಮ ಬಂದಿದ್ದರು. ಅಲ್ಲಿ ಅಂಗನವಾಡಿ ನಡೆಸುತ್ತಾರೆ.

ಕುರ್ಚಿ ಪಡಸಾಲೆಯಲ್ಲಿತ್ತು. ತೋಳಿನ ಸವೆತ ಸರಿಯಾದ ಜಾಗದಲ್ಲೇ ಇತ್ತು. ನಾನು ಯಾರನ್ನೂ ಕೇಳದೆ ಕುಳಿತುಬಿಟ್ಟೆ.

“ಅಯ್ಯಯ್ಯ, ಕುಂತೇಬಿಟ್ರಲ್ರಿ!” ಒಳಗಿನಿಂದ ಬಸಣ್ಣನವರ ಹೆಂಡತಿ ಕೂಗಿದರು.

ಏಳಲು ಹೋದೆ. “ಏಳಬ್ಯಾಡ್ರಿ ಸಾಹೇಬ್ರ!” ಎಂದು ಅಣ್ಣತಮ್ಮಂದಿರಿಬ್ಬರೂ ಮುಂದೆ ಬಂದರು.

ವಿಷಯ ತಿಳಿಸಿದವರು ನೀಲಮ್ಮ. ಅವರ ಅಪ್ಪ ಊರಿನ ಜಗಳ ಬಗೆಹರಿಸುತ್ತಿದ್ದದ್ದು ಈ ಕುರ್ಚಿಯಲ್ಲಿ ಕುಳಿತು. ಇದರಲ್ಲಿ ಕುಳಿತವರು ಎರಡೂ ಕಡೆ ಕೇಳಲೇಬೇಕು. ಕೇಳಿದ ಮೇಲೆ ಇಬ್ಬರಿಗೂ ತಮ್ಮ ಕೈಯಾರೆ ಚಹಾ ಕೊಡಬೇಕು. ಇಬ್ಬರೂ ಕುಡಿದ ಮೇಲೆಯೇ ಏಳಬೇಕು. ಕುಡಿಯುವ ಮೊದಲೇ ಎದ್ದರೆ, ಆ ಎರಡು ಮನೆಗಳ ನಡುವೆ ನೀರು ಕೊಡುವುದು, ಕುಡಿಯುವುದು ಕೂಡ ನಿಂತಿತು ಎಂದು ಅರ್ಥ.

“ನಿಂತ್ರ ನಿಲ್ಲಲಿ, ಗಂಡಸರಿಗೇನದರಿ?” ನೀಲಮ್ಮ ತಣ್ಣಗೆ ಹೇಳಿದರು. “ನಾಗರ ಪಂಚಮಿಗಿ ನಾ ಯಾರ ಮನಿಗಿ ಬರ್ಲಿ? ಒಬ್ರ ಮನ್ಯಾಗ ಉಂಡ್ರ ಇನ್ನೊಬ್ರ ಬಾಗ್ಲಾ ಮುಚ್ಚತದ. ನನಗ ತವರಮನಿ ಅನ್ನೂದು ಇವತ್ತ ಉಳದ್ರ ಅದ, ಇಲ್ಲಾಂದ್ರ ಇಲ್ಲ.”

ಇಷ್ಟು ವರ್ಷ ಎರಡೂ ಕಡೆಯ ಮಾತು ಬರೆದುಕೊಂಡು, ಅಭಿಪ್ರಾಯ ಹೇಳದೆ ಮನೆಗೆ ಹೋದವನು ನಾನು. ಈಗ ಎದ್ದು ಹೋಗುವ ದಾರಿಯೇ ಮುಚ್ಚಿತ್ತು. ಬೆನ್ನಿನಲ್ಲಿ ಬೆವರು ಇಳಿಯಿತು. ಬೆತ್ತದ ಕುರ್ಚಿಗೆ ಗಾಳಿಯಾಡುತ್ತದೆ ಎಂಬ ಮಾತು ಎಲ್ಲ ಸಂದರ್ಭಕ್ಕೂ ನಿಜವಲ್ಲ.

ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತು ಬಿಟ್ಟು ತಿಂಗಳುಗಳಾಗಿದ್ದವು. ಆದ್ದರಿಂದ ಎಲ್ಲವೂ ನನ್ನ ಮೂಲಕ.

“ಹಿರೀಮಗ ನಾನು. ಅಪ್ಪನ ಜಾಗ ಯಾರದು? ಅವಂಗ ಕೇಳ್ರಿ.”

“ಹಿರೀಮಗ ಎಲ್ಲಿದ್ದ ಅಂತ ಅವ್ರಿಗೇ ಕೇಳ್ರಿ ಸಾಹೇಬ್ರ. ಅಪ್ಪನ ಕಾಲಿನ ಶಕ್ತಿ ಹೋದಾಗ ಹಾಸಿಗಿಂದ ಈ ಕುರ್ಚಿಗಿ ದಿನಾ ಎತ್ತಿ ಕುಂದ್ರಿಸಿದಾಂವ ನಾನು.”

“ದವಾಖಾನಿಗಿ ಓಡ್ಯಾಡಿದ್ದು ಯಾರಂತ ಕೇಳ್ರಿ!”

ದನಿ ಏರಿತು. ಬಸಣ್ಣ ಒಂದು ಹೆಜ್ಜೆ ಮುಂದೆ ಬಂದರು. ಶಿವಶರಣ ಹೆಗಲ ಮೇಲಿನ ವಸ್ತ್ರ ತೆಗೆದು ಕೈಗೆ ಸುತ್ತಿಕೊಂಡ. ನನ್ನ ಕೈ ಹಳೆಯ ಚಾಳಿಯಂತೆ ಕುರ್ಚಿಯ ಕೆಳಗೆ ಹೋಯಿತು. ತಿರುವಿ ನೋಡಲಾಗದಿದ್ದರೆ ಬೆರಳಿನಿಂದಲಾದರೂ ನೋಡುವವನು ನಾನು. ಹಿಂದಿನ ಅಂಚಿನಲ್ಲಿ ಗಂಟುಗಳು ಸಿಕ್ಕವು. ಬಿಗಿಯಾದ, ಸಣ್ಣ ಗಂಟುಗಳು. ಬಡಿಗರು ಹಾಗೆ ಗಂಟು ಹಾಕುವುದಿಲ್ಲ, ಬೆತ್ತದ ತುದಿಯನ್ನು ತೂತಿಗೆ ಸಿಗಿಸಿ ಬೆಣೆ ಹೊಡೆಯುತ್ತಾರೆ.

ತೀರ್ಪು ಹೇಳಲು ನನಗೆ ಬರುವುದಿಲ್ಲ. ಪ್ರಶ್ನೆ ಕೇಳಲು ಬರುತ್ತದೆ.

“ಕುರ್ಚಿ ಹಳೆಯದು, ಹೆಣಿಕೆ ಹಳೆಯದಲ್ಲ. ಇದನ್ನು ಹೆಣೆದವರು ಯಾರು?”

ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೇ ಹೇಳಿದರು: “ನೀಲಾ.” “ಅಕ್ಕ.”

ಅಪ್ಪ ಕುಳಿತಲ್ಲೇ ಇರುವಂತಾದಾಗ ಬೆನ್ನು ಹುಣ್ಣಾಗಬಾರದೆಂದು ಹಳೆಯ ಬೆತ್ತ ಬಿಚ್ಚಿ, ಎರಡು ಸಲ ಹೊಸದಾಗಿ ಹೆಣೆದಿದ್ದರಂತೆ ನೀಲಮ್ಮ. ಯಾರೂ ಹೇಳಿಕೊಟ್ಟಿರಲಿಲ್ಲ. ಬೆರಳು ಸೀಳಿಕೊಂಡು ಕಲಿತದ್ದು.

ಶಿವಶರಣ ಕೈಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಆಮೇಲೆ ನನ್ನನ್ನು ಬಿಟ್ಟು ನೇರ ಅಣ್ಣನಿಗೇ ಹೇಳಿದ: “ಹಂಗಾದ್ರ ಅಕಿ ಒಯ್ಯಲಿ.”

“ನಾ ಬ್ಯಾಡಂದೇನೇನ್ಲೇ?”

ಚಹಾ ಬಂತು. ಇಬ್ಬರಿಗೂ ನಾನೇ ಕೊಟ್ಟೆ. ಬಸಣ್ಣ ಕುಡಿದರು. ಶಿವಶರಣ ಕಪ್ಪು ಹಿಡಿದುಕೊಂಡೇ ನಿಂತ. ಕೆನೆ ಕಟ್ಟಿತು. ನೀಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

“ಆರೇದ,” ಎಂದ ಶಿವಶರಣ.

“ಆರಿದ್ದೇ ಕುಡೀಲೇ ಶಿವ್ಯಾ, ಪಾಪ, ಅವ್ರು ಏಳಬೇಕು,” ಎಂದರು ಬಸಣ್ಣ.

ಅವನು ಕುಡಿದ. ನಾನು ಎದ್ದೆ.

ಗೋಡೆಯ ಕೆಲಸ ನಿಲ್ಲಲಿಲ್ಲ. ಅದು ನನ್ನ ಮುಂದೆ ಬಂದ ಪ್ರಶ್ನೆಯೂ ಆಗಿರಲಿಲ್ಲ. ಅಣ್ಣತಮ್ಮಂದಿರಿಬ್ಬರೂ ಸೇರಿ ಕುರ್ಚಿಯನ್ನು ಬಸ್ಸಿನ ಮೇಲೆ ಕಟ್ಟಿದರು, ಹಗ್ಗ ಹೇಗೆ ಬಿಗಿಯಬೇಕೆಂದು ಜಗಳವಾಡುತ್ತಲೇ. ಅಫಜಲಪುರದ ನಿಲ್ದಾಣದಲ್ಲಿ ನಾನೂ ನೀಲಮ್ಮನೂ ಅದನ್ನು ಇಳಿಸಿಕೊಂಡೆವು. ಜೇವರ್ಗಿ ಬಸ್ಸು ಇನ್ನೂ ಬಂದಿರಲಿಲ್ಲ. “ಕುಂದ್ರಿ,” ಎಂದೆ. ನೀಲಮ್ಮ ಸಂಕೋಚದಿಂದ ಅಂಚಿನಲ್ಲಿ ಕುಳಿತರು. ತಾವೇ ಹೆಣೆದಿದ್ದರೂ ಅದರಲ್ಲಿ ಒಮ್ಮೆಯೂ ಕುಳಿತಿರಲಿಲ್ಲವಂತೆ.

“ಮತ್ತ ಪಂಚಮಿಗೆ?” ಎಂದು ಕೇಳಿದೆ.

“ಅವ್ರೇ ಬರ್ತಾರಂತ್ರಿ, ಇಬ್ರೂ. ಕುರ್ಚಿ ಹೆಂಗದ ನೋಡಾಕ.”

ಹಳೆಯ ಕುರ್ಚಿಗೆ ಅದು ಒಳ್ಳೆಯದು, ಬೆತ್ತ ಆಗಾಗ ಸಡಿಲಾಗುತ್ತದೆ, ಹಿಡಿದು ಎಳೆಯಲು ಇಬ್ಬರು ಬೇಕಾಗುತ್ತಾರೆ, ಎಂದು ನನ್ನ ತಿಳಿವಳಿಕೆಯನ್ನು ಒಪ್ಪಿಸಿದೆ.

“ನಾ ಹೆಣದದ್ದು ಅಷ್ಟು ಲಗೂ ಸಡ್ಲಾಗೂದಿಲ್ರಿ,” ಎಂದು ನೀಲಮ್ಮ ಮೊದಲ ಸಲ ಬೆನ್ನು ಹಿಂದಕ್ಕೆ ಒರಗಿಸಿದರು. “ಪಂಚಮಿ ಬಂತಂದ್ರ ವರ್ಷಕ್ಕೊಂದು ಎಳಿ ನಾನೇ ಬಿಚ್ಚಿಡ್ತೇನಿ.”